ತುಪ್ಪಕ್ಕೆ ಸಿಕ್ಕಿದ ಸೀಟು

ಹೆಂಡತಿ ಊರಲ್ಲಿಲ್ಲದಿದ್ದರೂ ಅವಳ ಆಜ್ಞೆ ಮಾತ್ರ ಮನೆಯಲ್ಲೇ ಕಾವಲು ಕೂತಿರುತ್ತದೆ ಎಂಬುದು ಹುಣಸೂರಿನ ಗೊಬ್ಬರದಂಗಡಿ ಮಹದೇವಪ್ರಸಾದನ ಬಹುದಿನದ ದೂರು. ತನ್ನ ತಂಗಿ ಭಾಗ್ಯಳ ಸೀಮಂತಕ್ಕೆಂದು ಪುಷ್ಪಾ ಹಿಂದಿನ ದಿನವೇ ಕೆ.ಆರ್. ನಗರಕ್ಕೆ ಹೋಗಿದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು ರಾಜಶಾಸನ ಹೊರಡಿಸಿದ್ದಳು.

"ನೋಡ್ರೀ, ಹರ್ಷಿತಾನ ಅವಳ ಸೀಟಲ್ಲೇ ಬೆಲ್ಟ್ ಹಾಕಿ ಕೂರಿಸ್ಕೊಂಡು ಬನ್ನಿ. ಕಾನೂನೇ ಇದೆ. ಎತ್ತುದ್ರಿ ಅಂತ ಗೊತ್ತಾದ್ರೆ ವಾಪಸ್ ಕಾರು ನಾನು ಓಡಿಸ್ತೀನಿ, ನೀವು ಬಸ್ಸಲ್ಲಿ ಬನ್ನಿ."

"ಪೊಲೀಸ್ರು ಎಲ್ಲಿ ನೋಡ್ತಾರೆ ಬುಡೇ."

"ದಂಡ ಉಳ್ಸೋಕಲ್ಲ ಕಣ್ರೀ, ಮಗೂನ ಉಳ್ಸೋಕೆ!"

ಬೆಳಿಗ್ಗೆ ಕಾರು ಹೊರಟಿತು. ಹಿಂದೆ ಒಂದು ಕಡೆ ಮಕ್ಕಳ ಸೀಟಿನಲ್ಲಿ ಬಂಧಿತಳಾದ ಎರಡು ವರ್ಷದ ಮಗಳು ಹರ್ಷಿತಾ, ಇನ್ನೊಂದು ಕಡೆ ಹೂವು ಹಣ್ಣಿನ ಬುಟ್ಟಿಗಳು. ಮುಂದೆ ಅವನ ತಾಯಿ ಪುಟ್ಟಮಲ್ಲಮ್ಮ. ಮಡಿಲಲ್ಲಿ ಭಾಗ್ಯಳಿಗೆಂದೇ ಮನೆಯಲ್ಲಿ ಕಾಯಿಸಿದ ತುಪ್ಪದ ಗಡಿಗೆ. ಹರ್ಷಿತಾ ಊರು ದಾಟುವ ಮುಂಚೆಯೇ ಅಳಲು ಶುರುಮಾಡಿದಳು. ಬಿಳಿಕೆರೆ ಬರುವ ಹೊತ್ತಿಗೆ ಅದು ಆರ್ತನಾದವಾಗಿತ್ತು. (ಗೊಬ್ಬರಕ್ಕಾಗಿ ಜಗಳವಾಡುವ ಗಿರಾಕಿಗಳೂ ಅಷ್ಟು ಕೂಗುವುದಿಲ್ಲ.)

"ನಿಲ್ಸಲಾ ಮಾದೇವ! ಕರ ಕಟ್ದಂಗೆ ಕಟ್ಟಾಕಿದ್ದೀಯಲ್ಲ, ಕರುಳಿಲ್ವಾ ನಿಂಗೆ? ನಿನ್ನ ಇದೇ ಮಡ್ಲಲ್ಲಿ ಸಾಕ್ಲಿಲ್ವಾ?"

"ಪುಷ್ಪಾ ಬೈತಾಳೆ ಕಣವ್ವ."

"ಅವ್ಳಿಗ್ಯಾಕೆ ಏಳೀಯೆ?"

ಮಹದೇವಪ್ರಸಾದ ಬೆಲ್ಟು ಬಿಚ್ಚಿ ಇಳಿದ. ಮಗು ಅಜ್ಜಿಯ ಮಡಿಲಿಗೆ ಬಂತು. ಆದರೆ ಗಡಿಗೆ?

"ಕಾಲತ್ರ ಮಡಗ್ಬ್ಯಾಡ. ಶುಭಕಾರ್ಯದ ತುಪ್ಪ."

ಹೀಗಾಗಿ ಸರ್ಕಾರ ಮಕ್ಕಳಿಗೆಂದು ವಿಧಿಸಿದ ರಕ್ಷಣೆ ತುಪ್ಪಕ್ಕೆ ದಕ್ಕಿತು. ಗಡಿಗೆಯನ್ನು ಸೀಟಿನಲ್ಲಿ ಕೂರಿಸಿ, ಪಟ್ಟಿಗಳನ್ನು ಬಿಗಿದು, ಮಹದೇವಪ್ರಸಾದ ಮತ್ತೆ ಸ್ಟಿಯರಿಂಗ್ ಹಿಡಿದ. ತನ್ನ ಬೆಲ್ಟು ಮರೆತ. ಹರ್ಷಿತಾ ನಗುತ್ತಿದ್ದಳು. ಆದರೂ ಪುಷ್ಪಾಳ ಮಾತು ನೆನಪಾಗಿ ನಿಧಾನವಾಗಿಯೇ ಓಡಿಸಿದ.

ಒಂದು ತಿರುವು ದಾಟುತ್ತಿದ್ದಂತೆ ಕಬ್ಬು ತುಂಬಿದ ಟ್ರಾಕ್ಟರು ದಿಢೀರನೆ ಅಡ್ಡ ತಿರುಗಿತು.

ಬ್ರೇಕ್ ತುಳಿದ. ಪುಟ್ಟಮಲ್ಲಮ್ಮನ ಕೈಗಳ ನಡುವಿನಿಂದ ಮಗು ಜಾರಿಯೇಬಿಟ್ಟಿತು. ಅವನು ಎಡಗೈ ಚಾಚಿದ. ಲಂಗದ ಅಂಚು ಮುಷ್ಟಿಗೆ ಸಿಕ್ಕಿತು. ಅವನ ಹಣೆ ಸ್ಟಿಯರಿಂಗಿಗೆ ಬಡಿಯಿತು. ಮಗುವಿನ ತಲೆ ಡ್ಯಾಶ್‌ಬೋರ್ಡಿಗೆ ಬೆರಳಷ್ಟು ದೂರದಲ್ಲಿ ನಿಂತಿತ್ತು.

ಮಗು ಅಳಲಿಲ್ಲ. ಆ ಮೌನಕ್ಕೆ ಅವನ ಎದೆ ನಿಂತಂತಾಯಿತು. "ಹರ್ಷೀ... ಪುಟ್ಟೀ..." ಎಂದು ಕೆನ್ನೆ ತಟ್ಟಿದ. ಕೊನೆಗೆ ಅವಳು ಬಾಯಿ ಬಿಟ್ಟು ಕಿರುಚಿದಳು. ಬಿಳಿಕೆರೆಯವರೆಗೆ ಸಹಿಸಲಾಗದಿದ್ದ ಅದೇ ಅಳು ಕೇಳಿ ಅವನಿಗೆ ಹೋದ ಜೀವ ಬಂತು.

"ಗಟ್ಟಿಯಾಗೇ ಇಡ್ಕೊಂಡಿದ್ದೆ ಕಣ್ಲಾ," ಎಂದು ಪುಟ್ಟಮಲ್ಲಮ್ಮ ಖಾಲಿಯಾಗಿದ್ದ ತಮ್ಮ ಕೈಗಳನ್ನೇ ನೋಡಿಕೊಂಡರು.

ಹಿಂದಿನ ಸೀಟಿನಲ್ಲಿ ಗಡಿಗೆ ಅಲುಗದೆ ಕುಳಿತಿತ್ತು.

ಮಗು ತನ್ನ ಸೀಟಿಗೆ, ಗಡಿಗೆ ಅಜ್ಜಿಯ ಮಡಿಲಿಗೆ ಮರಳಿದವು. ದೊಡ್ಡವರಿಬ್ಬರೂ ಬೆಲ್ಟು ಹಾಕಿಕೊಂಡರು. "ಪುಷ್ಪಂಗೆ ಏಳ್ಬ್ಯಾಡ ಕಣವ್ವ," ಎಂದು ಅವನು ಅಂಗಲಾಚಿದ. "ಮಾದಪ್ಪನಾಣೆ ಏಳಕಿಲ್ಲ," ಎಂದರು ತಾಯಿ.

ಕೆ.ಆರ್. ನಗರದಲ್ಲಿ ಮಗಳನ್ನು ಸೀಟಿನಲ್ಲೇ ಕಂಡ ಪುಷ್ಪಾಳ ಮುಖ ಅರಳಿತು. ಮದುವೆಯಾದ ಮೇಲೆ ಮೊದಲ ಬಾರಿಗೆ ಗಂಡನನ್ನು ಗೌರವದಿಂದ ನೋಡಿದಳು.

"ಹಣೆಗೇನ್ರೀ ಆಯ್ತು?"

"ಅಂಗಡಿ ಬಾಗ್ಲು ತಗುಲ್ತು."

ಊಟದ ಹೊತ್ತಿನವರೆಗೂ ಆ ಗೌರವ ಬಾಳಿತು. ಒಬ್ಬಟ್ಟಿಗೆ ತುಪ್ಪ ಬಡಿಸುತ್ತಿದ್ದ ಪುಷ್ಪಾ, "ಗಡಿಗೆ ತುಂಬ ತುಪ್ಪ, ಒಂಚೂರೂ ಚೆಲ್ದಂಗೆ ಹೆಂಗೆ ತಂದ್ರಿ ಅತ್ತೆ?" ಎಂದಳು. ಪುಟ್ಟಮಲ್ಲಮ್ಮನಿಗೆ ತಡೆಯಲಾಗಲಿಲ್ಲ.

"ನಿನ್ನ ಕುರ್ಚಿ ಭಾಳ ಒಳ್ಳೇದು ಕಣವ್ವ! ಅಂಥಾ ಬ್ರೇಕ್ ಆಕುದ್ರೂ, ಮಗಾ ನನ್ನ ಕೈ ಬುಟ್ಟು ಆರೋದ್ರೂ, ಗಡ್ಗೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ!"

ಪುಷ್ಪಾ ಗಂಡನ ಹಣೆಯ ಬೋರೆಯನ್ನು ನೋಡಿದಳು, ಬೈಯಲಿಲ್ಲ. ಓಡಿಹೋಗಿ ಮಗಳನ್ನು ಅಪ್ಪಿಕೊಂಡಳು. ಆಮೇಲೆ ಕಾರಿನ ಕೀಗೆ ಕೈಯೊಡ್ಡಿದಳು.

ಸಂಜೆ ಹುಣಸೂರಿನ ಬಸ್ಸಿನಲ್ಲಿ ಕಂಬಿಗೆ ಜೋತುಬಿದ್ದಿದ್ದ ಮಹದೇವಪ್ರಸಾದನನ್ನು ಅವನದೇ ಕಾರು ದಾಟಿತು. ಪುಷ್ಪಾ ಓಡಿಸುತ್ತಿದ್ದಳು. ಹಿಂದೆ ಹರ್ಷಿತಾ ಅವಳ ಸೀಟಿನಲ್ಲಿ, ಪಕ್ಕದಲ್ಲಿ ಬೆಲ್ಟು ಹಾಕಿಕೊಂಡ ಪುಟ್ಟಮಲ್ಲಮ್ಮ. ಮುಂದೆ, ಅವನು ಕೂರಬಹುದಾಗಿದ್ದ ಜಾಗದಲ್ಲಿ, ಬರಿದಾಗಿ ಕಳಿಸಬಾರದೆಂದು ಭಾಗ್ಯ ಬೆಲ್ಲ ತುಂಬಿಕೊಟ್ಟಿದ್ದ ಗಡಿಗೆ ಬೆಲ್ಟು ಬಿಗಿಸಿಕೊಂಡು ಆರಾಮಾಗಿ ಕುಳಿತಿತ್ತು.