ಎಮ್ಮೆಯ ಲಸಿಕೆ, ನನ್ನ ಬೆರಳು

ದನಗಳಿಗೆ ಲಸಿಕೆ ಹಾಕುವುದರಲ್ಲಿ ನನ್ನಂಥ ಪಳಗಿದ ಕೈ ಮೂಡಲಗಿ ಭಾಗದಲ್ಲೇ ಇಲ್ಲವೆಂಬುದು ನನ್ನ ದೃಢ ನಂಬಿಕೆಯಾಗಿತ್ತು. ಬಳಸಿದ ಸೂಜಿಗೆ ಮತ್ತೆ ಟೋಪಿ ಹಾಕಬೇಡಿ, ನೇರ ಡಬ್ಬಿಗೆ ಹಾಕಿ ಎಂದು ನಮ್ಮ ಪಶುಸಂಗೋಪನೆ ಇಲಾಖೆ ಒಂದು ಗಟ್ಟಿ ಡಬ್ಬಿ ಕೊಟ್ಟಿತ್ತು. ಎಂಥ ಡಬ್ಬಿ! ಎಣ್ಣೆಗಾಯಿ ಪಲ್ಯ ಹಾಕಿದರೂ ಒಂದು ಹನಿ ಸೋರುವುದಿಲ್ಲ. ಆದ್ದರಿಂದ ಅದನ್ನು ನನ್ನ ಬುತ್ತಿಯ ಸೇವೆಗೆ ನಿಯೋಜಿಸಿದ್ದೆ.

ತುಕ್ಕಾನಟ್ಟಿಯಲ್ಲಿ ಕಾಶಿಂಸಾಬ ಕಾಕಾನ ಎಮ್ಮೆಗೆ ಕಾಲುಬಾಯಿ ರೋಗದ ಲಸಿಕೆ ಹಾಕಿದೆ. ಸಿರಿಂಜಿನಲ್ಲಿ ಮುಂದಿನ ಎಮ್ಮೆಯ ಔಷಧ ಇನ್ನೂ ಇತ್ತು. ಹಲ್ಲಲ್ಲಿ ಕಚ್ಚಿದ್ದ ಟೋಪಿಯನ್ನು ಎಡಗೈಗೆ ತೆಗೆದುಕೊಂಡು ಸೂಜಿಗೆ ತೊಡಿಸಹೋದೆ. ಎಮ್ಮೆ ಕತ್ತು ಬೀಸಿತು. ಸೂಜಿ ತೋರುಬೆರಳಿಗೆ, ಔಷಧ ಅದರೊಳಗೆ!

“ಏನಾತ್ರಿ ಸಾಹೇಬ್ರ?”

“ಏನಿಲ್ಲ ಕಾಕಾ, ಸ್ವಲ್ಪ ಚುಚ್ಚೇತಿ.”

“ಚಲೋ ಆತ ಬಿಡ್ರಿ, ಇನ್ನ ನಿಮಗ ಕಾಲುಬಾಯಿ ಬ್ಯಾನಿ ಬರೂದಿಲ್ಲ!”

ನಾನೂ ನಕ್ಕೆ. ಆದರೆ ಬೆರಳು ಉರಿಯತೊಡಗಿತು. ಗೋಕಾಕಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ ಗಿರಿಜೆಗೆ ಸುಮ್ಮನೆ ಒಂದು ಫೋನ್ ಮಾಡಿದೆ.

“ಎಣ್ಣಿ ಬೆರೆಸಿದ ಲಸಿಕಿ ಹೌದಲ್ಲ? ಆ ಎಣ್ಣಿ ಒಳಗ ಉಳದ್ರ ಬೆರಳು ಕೊಳೀತೈತಿ. ಬೆರಳು ಹಿಂಡಬ್ಯಾಡ್ರಿ. ತೊಳಕೊಂಡು, ಬಾಟ್ಲಿ ತಗೊಂಡು, ಯಾರದರೆ ಗಾಡಿ ಮ್ಯಾಲೆ ಈಗಿಂದೀಗ ಬರ್ರಿ.”

“ಇನ್ನ ನಾಕ ಎಮ್ಮಿ ಅದಾವ, ಮುಗಿಸ್ಕೊಂಡು...”

“ಎಮ್ಮಿ ನಾಳೆನೂ ಇರ್ತಾವ. ಬೆರಳು ಇರೂದಿಲ್ಲ!”

ಕಾಕಾನೇ ಬೈಕಿನಲ್ಲಿ ಕರೆದೊಯ್ದ. ನಾವು ಮುಟ್ಟುವಷ್ಟರಲ್ಲಿ ಗಿರಿಜೆ ಸರ್ಜನ್ನರನ್ನು ಹಿಡಿದು ನಿಲ್ಲಿಸಿದ್ದಳು. ಮುಖದಲ್ಲಿ ಗಾಬರಿಯಿಲ್ಲ, ಬಾಯಲ್ಲಿ ಬೈಗುಳವಿಲ್ಲ. ಹೆಂಡತಿಯ ಮೇಲೆ ನನಗೆ ಅಷ್ಟೊಂದು ಅಭಿಮಾನ ಮದುವೆಯ ದಿನವೂ ಉಕ್ಕಿರಲಿಲ್ಲ. ಬೆರಳು ಸೀಳಿ ಒಳಗಿನ ಎಣ್ಣೆ ತೊಳೆದ ಡಾಕ್ಟರು, ಸಂಜೆಯವರೆಗೆ ಕಾದಿದ್ದರೆ ಕತ್ತರಿಸಬೇಕಾಗುತ್ತಿತ್ತು ಎಂದರು.

ಆಮೇಲೆ ಗಿರಿಜೆ ನನ್ನ ಚೀಲದಿಂದ ಸೂಜಿ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಅವಳ ಕೈಯದೇ ಎಣ್ಣೆಗಾಯಿ. ಬೈಗುಳ ಅಲ್ಲಿಂದ ಶುರುವಾಯಿತು!

ಗಾಯ ಮಾಯುವಷ್ಟರಲ್ಲಿ ನನ್ನ ರಜೆಯೆಲ್ಲ ಮುಗಿಯಿತು. ನನ್ನ ಹಳ್ಳಿಗಳ ದನಗಳೂ ಪಕ್ಕದ ಸಹೋದ್ಯೋಗಿಯ ತಲೆಗೆ ಬಿದ್ದವು. ಪೈಜಾಮದ ಲಾಡಿ ಕಟ್ಟಲೂ ಗಿರಿಜೆಯೇ ಬೇಕಾಯಿತು. ಬೆರಳು ಉಳಿಯಿತು, ಆದರೆ ಮಡಚುವುದಿಲ್ಲ.

ಹುಕ್ಕೇರಿಯಲ್ಲಿ ಸೂಜಿ ಸುರಕ್ಷತೆಯ ತರಬೇತಿಯಲ್ಲಿ ಮಾತಾಡಲು ನಮ್ಮಿಬ್ಬರನ್ನೂ ಕರೆದರು. ನಾನು ಅಂಗಿಗೆ ಇಸ್ತ್ರಿ ಹಾಕಿಸಿ, ಭಾಷಣ ಬಾಯಿಪಾಠ ಮಾಡಿಕೊಂಡು ಹೋದೆ. ವೇದಿಕೆಯಲ್ಲಿ ಗಿರಿಜೆ ಮೈಕು ಹಿಡಿದು ನನ್ನ ಕಡೆ ತಿರುಗಿದಳು.

“ನೀವು ಏನೂ ಮಾತಾಡಬ್ಯಾಡ್ರಿ. ಬೆರಳಷ್ಟ ಎತ್ರಿ.”

ಎತ್ತಿದೆ. ಹಿಂದಿನ ಸಾಲಿನವರಿಗೆ ಕಾಣುವುದಿಲ್ಲವೆಂದು ನನ್ನನ್ನು ಕುರ್ಚಿಯ ಮೇಲೆ ಹತ್ತಿಸಿ ನಿಲ್ಲಿಸಿದರು!