ಸ್ಲೋ ಲೋಕಲ್‌ಗೆ ಹೆಸರಿಟ್ಟವರು

ಬರೆಯುವ ಕಸುಬಿನಲ್ಲಿ ಎರಡು ಜಾತಿ. ಸ್ವಂತದ್ದು ಬರೆಯುವವರು ಒಂದು, ಬೇರೆಯವರು ಬರೆದದ್ದನ್ನು ತಿದ್ದುವವರು ಇನ್ನೊಂದು. ನಾನು ಎರಡನೆಯ ಜಾತಿಯವನು. ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಕಂಡವರ ವಾಕ್ಯಗಳ ಬಾಲ ಕತ್ತರಿಸಿ, ಬೇಕಾದ ಕಡೆ ‘ಎನ್ನಲಾಗಿದೆ’ ಸೇರಿಸಿ, ಬೇಡವಾದ ಕಡೆ ಹೊಡೆದುಹಾಕಿ ನಿವೃತ್ತನಾದೆ. ನನ್ನ ಹೆಸರಿನಲ್ಲಿ ಒಂದು ಕವಿತೆಯಿಲ್ಲ, ಕಥೆಯಿಲ್ಲ, ಮದುವೆಗೆ ಮೊದಲು ಬರೆದ ಪ್ರೇಮಪತ್ರವೂ ಇಲ್ಲ. ಇಷ್ಟಾಗಿಯೂ ಸಾಹಿತಿಗಳ ಎದುರು ನಾನು ತಲೆಯೆತ್ತಿ ಕೂರುತ್ತಿದ್ದೆ. ಕಾರಣ, ಹತ್ತನೆಯ ಇಯತ್ತೆಯಲ್ಲಿ ನಾನು ರಚಿಸಿದ ಎರಡು ಶಬ್ದಗಳ ಒಂದು ಕೃತಿ: ‘ಸ್ಲೋ ಲೋಕಲ್’. ಸ್ಟೇಷನ್ನು ಸ್ಟೇಷನ್ನಿಗೂ ನಿಲ್ಲುವ ಲೋಕಲ್ ರೈಲಿನ ಈ ಹೆಸರು ನಮ್ಮ ಹೆಡ್‌ಮಾಸ್ತರರ ಅಡ್ಡಹೆಸರು.

ನಮ್ಮ ಕನ್ನಡ ಶಾಲೆ ಇದ್ದದ್ದು ಡೊಂಬಿವಲಿ ಸ್ಟೇಷನ್ನಿನ ಅನೌನ್ಸ್‌ಮೆಂಟು ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ನಾವು. ಗಿರಣಿ ಶುರುವಾದರೆ ಗಣಿತ ಕೇಳುತ್ತಿರಲಿಲ್ಲ, ನಿಂತರೆ ತಿಳಿಯುತ್ತಿರಲಿಲ್ಲ. ವಿಜಯಪುರದ ಕಡೆಯ ನಾವು ‘ಅದ’ ಎನ್ನುತ್ತಿದ್ದೆವು, ಉಡುಪಿಯ ಕಡೆಯವರು ‘ಉಂಟು’ ಎನ್ನುತ್ತಿದ್ದರು, ಜಗಳ ಹತ್ತಿದರೆ ಎಲ್ಲರೂ ಒಗ್ಗಟ್ಟಾಗಿ ಮರಾಠಿಯಲ್ಲಿ ಬೈದಾಡುತ್ತಿದ್ದೆವು. ಹೆಡ್‌ಮಾಸ್ತರರು ಇನಾಮದಾರ ಸರ್, ಧಾರವಾಡದವರು. ವಿದ್ವಾಂಸರು, ಸಜ್ಜನರು. ಆದರೆ ಒಂದು ಶಬ್ದಕ್ಕೂ ಮುಂದಿನ ಶಬ್ದಕ್ಕೂ ನಡುವೆ ಅವರು ಇಳಿದು ಚಹಾ ಕುಡಿದು ಮತ್ತೆ ಹತ್ತುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ‘ಮಕ್ಕಳೇ’ ಎಂದರೆ ಡೊಂಬಿವಲಿಯ ಮುಂದಿನ ಸ್ಟೇಷನ್ ಕೋಪರ್ ಬಂದಂತೆ. ‘ಶಿಸ್ತು’ ಎಂದರೆ ದಿವಾ. ‘ಎಂಬುದು’ ಎಂದರೆ ಮುಂಬ್ರಾ. ಕಳವಾ ದಾಟಿ ಕ್ರಿಯಾಪದ ಬರುವ ಹೊತ್ತಿಗೆ ಯಾವ ಗಾಡಿ ಹತ್ತಿದ್ದೆವೆಂಬುದೇ ಮರೆತುಹೋಗಿರುತ್ತಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಎಷ್ಟು ಅಪಾಯದ ವ್ಯವಸ್ಥೆ ಎಂದು ನಾನು ಕಲಿತದ್ದು ಅವರಿಂದಲೇ. ಒಮ್ಮೆ ಅವರು “ನಾಳೆ... ಶಾಲೆಗೆ... ಸೂಟಿ...” ಎಂದು ನಿಂತರು. ನಾವು ಕೇಕೆ ಹಾಕಿ, ಕುಣಿದು, ನಾಳೆ ಎಲ್ಲಿ ಕ್ರಿಕೆಟ್ ಆಡುವುದೆಂದು ನಿಶ್ಚಯಿಸಿ ಮುಗಿಸಿದ ಮೇಲೆ “...ಇರಂಗಿಲ್ಲ” ಎಂದರು. ಅವರ ನಿಜವಾದ ಅಭಿಮಾನಿಗಳೆಂದರೆ ಹೋಂವರ್ಕ್ ಮಾಡದೆ ಬಂದವರು. ಸರ್ ಮಾತಿಗೆ ನಿಂತರೆ ಮೊದಲನೆಯ ಪಿರಿಯಡ್ ಹೇಳಹೆಸರಿಲ್ಲದೆ ಹೋಗುತ್ತಿತ್ತು.

ಈ ವರ್ಷ ನಮ್ಮ ಹತ್ತನೆಯ ತರಗತಿಯ ಗೆಳೆಯರೂ ಶಿಕ್ಷಕರೂ ಒಂದೆಡೆ ಸೇರುವುದೆಂದೂ, ಆ ವರ್ಷದ ನೆನಪಿನ ಸಂಚಿಕೆಯೊಂದನ್ನು ತರುವುದೆಂದೂ ವಾಟ್ಸಾಪ್ ಗ್ರೂಪಿನಲ್ಲಿ ತೀರ್ಮಾನವಾಯಿತು. ಪುರುಸೊತ್ತಿದ್ದವನು ನಾನೊಬ್ಬನೇ ಆದ್ದರಿಂದ ಸಂಪಾದಕನೂ ನಾನೇ. ನೆನಪುಗಳು ಬರತೊಡಗಿದವು. ಅವುಗಳಲ್ಲಿ ಎಲ್ಲರೂ ಬಡವರು, ಎಲ್ಲರೂ ಜಾಣರು, ಎಲ್ಲರೂ ಮೊದಲ ಬೆಂಚಿನಲ್ಲಿ ಕೂತವರು. ಹಾಗಾದರೆ ಹಿಂದಿನ ಬೆಂಚಿನಲ್ಲಿ ಯಾರಿದ್ದರೋ, ಫೇಲಾದವರು ಯಾವ ಶಾಲೆಯವರೋ ತಿಳಿಯಲಿಲ್ಲ. ಅದನ್ನೂ ಸಹಿಸಿಕೊಂಡೆ. ಆದರೆ ಜಯರಾಮ ಶೆಟ್ಟಿಯ ಲೇಖನದಲ್ಲಿ ‘ಸ್ಲೋ ಲೋಕಲ್ ಎಂದು ಸರ್‌ಗೆ ಹೆಸರಿಟ್ಟವನು ನಾನು’ ಎಂಬ ವಾಕ್ಯ ಕಂಡಾಗ ಕೈ ತಡೆಯಲಿಲ್ಲ. ಅದರ ಬಾಲಕ್ಕೊಂದು ‘ಎನ್ನಲಾಗಿದೆ’ ಅಂಟಿಸಿ ಅವನಿಗೆ ವಾಪಸು ಕಳಿಸಿದೆ. ತಕ್ಷಣ ಫೋನ್ ಬಂತು.

“ಎಂತ ಮಾರಾಯಾ, ನನ್ನ ಲೇಖನಕ್ಕೆ ನೀನು ಯಾಕೆ ಕೈ ಹಾಕಿದ್ದು?”

“ಆ ಹೆಸರು ನಾ ಇಟ್ಟಿದ್ದು ಶೆಟ್ಟಿ. ಪ್ರಾರ್ಥನಾದಾಗ ನಿನ್ನ ಕಿವ್ಯಾಗ ಹೇಳಿದ್ದೆ. ನೀ ನಕ್ಕಿ.”

“ಹೌದು, ನಕ್ಕದ್ದು ನಾನು. ಹೊರಗೆ ಬಿಸಿಲಲ್ಲಿ ನಿಂತದ್ದು ನಾನು. ಸರ್ ಕೈಯಿಂದ ಪೆಟ್ಟು ತಿಂದದ್ದು ನಾನು. ಹೆಸರು ಮಾತ್ರ ನಿಂದಾ? ವಾಹ್ ಭಾಯ್!”

ಪೆಟ್ಟಿನ ಮಾತು ನಿಜ. ಆದರೆ ಇನಾಮದಾರ ಸರ್ ಹೊಡೆಯುವುದೂ ಮಾತಿನ ಲಯದಲ್ಲೇ. ಎರಡನೆಯ ಏಟು ಬೀಳುವಷ್ಟರಲ್ಲಿ ಮೊದಲನೆಯದರ ಉರಿ ಆರಿರುತ್ತಿತ್ತು. ಅಂಥ ಪೆಟ್ಟಿಗೆ ಕೃತಿಸ್ವಾಮ್ಯ ಕೊಡುವುದೆಂದರೆ ಹೇಗೆ? ನನ್ನ ಸಂಕಟವನ್ನು ಹೆಂಡತಿಯ ಮುಂದೆ ತೋಡಿಕೊಂಡೆ. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತಲೇ, “ಅದನ್ನ ಯಾರಿಟ್ಟರ ಏನ್ರೀ? ಇಡಿಸ್ಕೊಂಡವರೇ ಸುಮ್ಮನದಾರ” ಎಂದಳು. ಅವಳಿಗೆ ತಿಳಿಸಿ ಹೇಳುವುದಾದರೂ ಹೇಗೆ? ನನ್ನ ಸಮಗ್ರ ಸಾಹಿತ್ಯವೇ ಎರಡು ಶಬ್ದ. ಅದನ್ನೂ ಶೆಟ್ಟಿ ಒಯ್ದರೆ ನಾನು ಹುಟ್ಟಿ ಬಂದು ಹಾಕಿದ್ದು ಬರೀ ಅಲ್ಪವಿರಾಮ ಎಂದಾಗುತ್ತದೆ. ಹೀಗಾಗಿ ಕೂಟದ ದಿನ ಎಲ್ಲರ ಎದುರು ಈ ಪ್ರಕರಣವನ್ನು ಇತ್ಯರ್ಥಗೊಳಿಸಿ, ಫಲಿತಾಂಶವನ್ನು ಸಂಚಿಕೆಯಲ್ಲಿ ದಾಖಲಿಸಿಯೇ ತೀರುವುದೆಂದು ನಿರ್ಧರಿಸಿದೆ.

ಕೂಟ ನಡೆದದ್ದು ಘೋಡಬಂದರ್ ರಸ್ತೆಯ ಒಂದು ಹೋಟೆಲಿನ ಮಹಡಿಯಲ್ಲಿ. ಹೋಟೆಲು ಶೆಟ್ಟಿಯದು. ಪ್ರತಿವಾದಿಯ ಮನೆಯಲ್ಲೇ ಕೋರ್ಟು ಕೂತ ಹಾಗೆ. ನಾನು ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಗಿ ತಲುಪುವಷ್ಟರಲ್ಲಿ ನನ್ನ ಸಾಕ್ಷಿಗಳೆಲ್ಲರ ಬಾಯಲ್ಲೂ ಅವನ ಗೋಳಿಬಜೆ ಇತ್ತು. ಒಬ್ಬ ಹಳೆಯ ಗೆಳೆಯನನ್ನು ಮೂಲೆಗೆ ಕರೆದು ಕೇಳಿದರೆ, “ಶೆಟ್ಟಿನೇ ಇಟ್ಟಿದ್ದು ಅನ್ನಸ್ತದ ಯಾರ್... ಚಟ್ನಿ ಮಸ್ತ್ ಮಾಡ್ಯಾನ ನೋಡು” ಎಂದ. ಎರಡು ಮೂಲಗಳಿಂದ ಖಚಿತವಾಗದ ಸುದ್ದಿಯನ್ನು ಹಾಕಬಾರದು ಎಂಬುದು ಡೆಸ್ಕಿನ ನಿಯಮ. ಇಲ್ಲಿ ಮೂಲಗಳಿಗೇನೂ ಬರವಿರಲಿಲ್ಲ, ಆದರೆ ಎಲ್ಲ ಮೂಲಗಳೂ ಒಂದೇ ಬಾಣಲೆಯಿಂದ ಬಂದಿದ್ದವು.

ಆಗ ಕಣ್ಣಿಗೆ ಬಿದ್ದವಳು ನಮ್ಮದೇ ತರಗತಿಯ ಶಕ್ಕೂ ಬಿರಾದಾರ. ಕಲ್ಯಾಣದಲ್ಲಿ ಸೀರೆ ಅಂಗಡಿ ನಡೆಸುತ್ತಾಳೆ, ಗಿರಾಕಿಗೂ ಗಂಡನಿಗೂ ಒಂದೇ ದನಿಯಲ್ಲಿ ಮಾತನಾಡುತ್ತಾಳೆ. ಅವತ್ತು ಅವಳಿಗೆ ಉಪವಾಸ. ಅಂದರೆ ಇಡೀ ಹಾಲಿನಲ್ಲಿ ನಿಷ್ಪಕ್ಷಪಾತಿ ಅವಳೊಬ್ಬಳೇ. ಶೆಟ್ಟಿಯನ್ನೂ ಎಳೆದುಕೊಂಡು ಹೋಗಿ ಅವಳೆದುರು ನಿಲ್ಲಿಸಿ ವಿಷಯ ಮಂಡಿಸಿದೆ. ಅವಳು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು.

“ಲೇ, ನಿಮ್ಮಿಬ್ಬರ ಮಾರಿಗೆ ಹೆಸರಿಡೂ ಬುದ್ಧಿ ಎಲ್ಲೈತೋ? ಹುಡುಗೀರ ಬೆಂಚಿನ್ಯಾಗ ಅದು ಗಣಪತಿ ಹಬ್ಬಕ್ಕಿಂತ ಮೊದಲೇ ಇತ್ತು. ನಿನಗ ಹೇಳಿದಾಕಿನೂ ನಾನೇ. ನೀ ಆವಾಗ ನಗಲೇ ಇಲ್ಲ. ಮನೀಗೆ ಹೋಗಿ ನಕ್ಕಿರಬೇಕು.”

“ಹಂಗಾದ್ರ ಅದು ನಿಮ್ಮ ಹೆಸರಾ?” ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

“ನಮ್ಮದ್ಯಾಕ? ಸ್ಟಾಫ್ ರೂಮಿನ ಬಾಗಿಲಾಗ ನಿಂತಾಗ ಕಿವೀಗೆ ಬಿತ್ತು. ಅಗೋ, ಅವರನ್ನ ಕೇಳು” ಎಂದು ಕುಮುದಿನಿ ಟೀಚರ್ ಕಡೆ ಕೈ ತೋರಿಸಿದಳು.

ಕುಮುದಿನಿ ಟೀಚರ್ ನಮಗೆ ಕನ್ನಡ ಕಲಿಸಿದವರು. ಉಡುಪಿಯ ಕಡೆಯವರು, ಈಗ ನೆರೂಳದಲ್ಲಿ ಮಗಳ ಜೊತೆ ಇದ್ದಾರೆ. ‘ಗುರುಹಿರಿಯರಲ್ಲಿ ಗೌರವ’ ಎಂಬ ಪ್ರಬಂಧವನ್ನು ನಮ್ಮ ಕೈಯಲ್ಲಿ ಮೂರು ಮೂರು ಸಲ ಬರೆಸಿದವರು. ಅವರು ಏನೂ ಸಂಕೋಚಪಡಲಿಲ್ಲ.

“ಹೌದು ಮಾರಾಯ, ಅದು ನಮ್ಮದೇ. ನಾನು ಕೆಲಸಕ್ಕೆ ಸೇರಿದ ವಾರವೇ ಹೇಳಿದ್ರು, ಶನಿವಾರ ಸ್ಲೋ ಲೋಕಲ್ ಮೀಟಿಂಗ್ ಉಂಟು, ಮಧ್ಯಾಹ್ನದ ಡಬ್ಬ ತಗೊಂಡೇ ಬನ್ನಿ ಅಂತ. ಮೊದಲು ಇಟ್ಟದ್ದು ಯಾರು ಅಂತ ದೇವರಿಗೇ ಗೊತ್ತು. ನೀವು ಒಂದನೇ ಕ್ಲಾಸಿಗೂ ಸೇರಿರ್ಲಿಕ್ಕಿಲ್ಲ ಆಗ.”

ನನ್ನ ಸಮಗ್ರ ಸಾಹಿತ್ಯ ಹೀಗೆ ಮುದ್ರಣದ ಹಂತದಲ್ಲೇ ಬೇರೆಯವರ ಪಾಲಾಯಿತು. ಅಷ್ಟರಲ್ಲಿ ಶೆಟ್ಟಿ ನನ್ನ ಮೊಣಕೈ ತಿವಿದ. ಟೀಚರ ಹಿಂದಿನ ಕುರ್ಚಿಯಲ್ಲೇ ಶಾಲು ಹೊದ್ದುಕೊಂಡು ಇನಾಮದಾರ ಸರ್ ಕೂತಿದ್ದರು. ಕಣ್ಣು ಮಂಜಾಗಿದೆ ಎಂದು ಕೇಳಿದ್ದೆವು, ಕಿವಿಯ ವಿಷಯ ಯಾರೂ ವಿಚಾರಿಸಿರಲಿಲ್ಲ. ಅವರು ನಿಧಾನವಾಗಿ ತಲೆಯೆತ್ತಿದರು.

“ನನಗ... ಎಲ್ಲಾ... ಗೊತ್ತಿತ್ತು” ಎಂದರು. “ನನಗ... ಭಾಳ... ಸಿಟ್ಟು...”

ಶೆಟ್ಟಿ ತಟ್ಟೆಯನ್ನು ಬೆನ್ನ ಹಿಂದೆ ಹಿಡಿದ. ಟೀಚರ್ ಸೆರಗು ಸರಿಮಾಡಿಕೊಂಡರು. ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ಹಾರ್ನ್ ಹಾಕಿ, ಸಿಗ್ನಲ್ ದಾಟಿ ಹೋಯಿತು.

“...ಏನೂ ಬಂದಿರಲಿಲ್ಲ. ಯಾಕಂದ್ರ... ನಾವೂ... ನಿಮಗ... ಹೆಸರು... ಇಟ್ಟಿದ್ವಿ.” ಅವರ ಬೆರಳು ನನ್ನ ಕಡೆ ತಿರುಗಿತು. “ಇವಗ... ಭಾಳ ಛಲೋ ಹೆಸರು.”

ಹೋದ ಜೀವ ಬಂತು. ಕೃತಿ ಹೋದರೆ ಹೋಗಲಿ, ಸ್ಟಾಫ್ ರೂಮಿನಲ್ಲಿ ನನ್ನ ಬಗ್ಗೆ ಮಾತಾಗುತ್ತಿತ್ತಲ್ಲ! “ಏನ್ರಿ ಸರ್ ಅದು?” ಎಂದೆ, ಎಲ್ಲರಿಗೂ ಕೇಳುವಂತೆ.

“ಇಂಡಿ...” ಎಂದು ಸರ್ ನಿಂತರು. ವಯಸ್ಸಾದ ಮೇಲೆ ಅವರಿಗೆ ಶಬ್ದದ ನಡುವೆಯೂ ನಿಲುಗಡೆ ಮಂಜೂರಾಗಿದೆ. ಇಂಡಿ ನಮ್ಮ ತಂದೆಯ ಊರು. ಆ ಬಿಡುವಿನಲ್ಲಿ ನಾನು ಇಂಡಿಯ ರತ್ನ, ಇಂಡಿಯ ಪ್ರತಿಭೆ, ಇಂಡಿಯ ಸಿಂಹ ಎಲ್ಲವನ್ನೂ ಯೋಚಿಸಿ, ಸಿಂಹವನ್ನು ಆಯ್ದುಕೊಂಡು, ಸಂಚಿಕೆಯಲ್ಲಿ ಶೀರ್ಷಿಕೆ ಎಷ್ಟು ದಪ್ಪಕ್ಷರದಲ್ಲಿ ಹಾಕಬೇಕೆಂಬ ಲೆಕ್ಕವನ್ನೂ ಮುಗಿಸಿದೆ.

“...ಕೇಟರ್” ಎಂದರು ಸರ್.

“ಪ್ಲಾಟ್‌ಫಾರ್ಮಿನಲ್ಲಿ ಮೇಲೆ ತೂಗ್ತದಲ್ಲ, ಯಾವ ಗಾಡಿ, ಎಷ್ಟು ಹೊತ್ತಿಗೆ ಅಂತ ತೋರಿಸ್ಲಿಕ್ಕೆ, ಅದೇ” ಎಂದು ಕುಮುದಿನಿ ಟೀಚರ್ ಬಿಡಿಸಿ ಹೇಳಿದರು. “ಕ್ಲಾಸಲ್ಲಿ ಗಲಾಟೆ ಆದ್ರೆ ಯಾರು ಹೊಡೆದದ್ದು, ಯಾಕೆ ಹೊಡೆದದ್ದು, ನಾವು ಕೇಳುವ ಮೊದಲೇ ನೀನು ನೆಟ್ಟಗೆ ನಿಂತು ಹೇಳ್ತಿದ್ದೆ. ಏನು ಧೈರ್ಯ, ಏನು ಸ್ಪಷ್ಟ ಉಚ್ಚಾರ! ಆಮೇಲೆ ವಿಚಾರಿಸಿದ್ರೆ ಹೊಡೆದವನೇ ಬೇರೆ. ನೀನು ತೋರಿಸಿದ ಗಾಡಿ ಒಂದು ದಿನವೂ ಬರ್ಲಿಲ್ಲ ಮಾರಾಯ.”

ಎಲ್ಲರೂ ನಕ್ಕರು. ಶಕ್ಕೂ ಉಪವಾಸವನ್ನೂ ಲೆಕ್ಕಿಸದೆ ನಕ್ಕಳು. ಇನಾಮದಾರ ಸರ್ ಸಹ ನಕ್ಕರು, ಎಲ್ಲೂ ನಿಲ್ಲಿಸದೆ, ಒಂದೇ ಓಟದಲ್ಲಿ. ಶೆಟ್ಟಿ ನನ್ನ ಹೆಗಲ ಮೇಲೆ ಕೈ ಹಾಕಿ, “ಸ್ಲೋ ಲೋಕಲ್ ನಿನಗೇ ಇರಲಿ ಬಿಡು. ಇದರ ಮುಂದೆ ಅದು ಎಂತದ್ದೂ ಅಲ್ಲ” ಎಂದು ನನ್ನ ತಟ್ಟೆಗೆ ಎರಡು ಗೋಳಿಬಜೆ ಹಾಕಿದ. ಅವನ ಚಟ್ನಿ ನಿಜಕ್ಕೂ ಚೆನ್ನಾಗಿತ್ತು.

ಮನೆಗೆ ಬಂದು ವೃತ್ತಿಧರ್ಮಕ್ಕೆ ತಕ್ಕಂತೆ ಸಂಚಿಕೆಗೆ ಬರೆದೆ: ‘ಸ್ಲೋ ಲೋಕಲ್ ಎಂಬ ಹೆಸರಿನ ಮೂಲ ಖಚಿತವಾಗಿ ತಿಳಿದುಬಂದಿಲ್ಲ.’ ಇನ್ನೊಂದು ಹೆಸರನ್ನು ಸ್ಥಳಾಭಾವದಿಂದ ಕೈಬಿಟ್ಟಿದ್ದೇನೆಂದು ಗ್ರೂಪಿನಲ್ಲಿ ತಿಳಿಸಿದೆ. ಸಂಪಾದಕನಿಗೆ ಅಷ್ಟು ಹಕ್ಕಿದೆ. ಸಂಚಿಕೆ ಫೋನಿನಲ್ಲೇ ಬರುವುದಲ್ಲವೇ, ಅಲ್ಲೆಲ್ಲಿಯ ಸ್ಥಳಾಭಾವ ಎಂದು ಶಕ್ಕೂ ಕೇಳಿದ್ದಾಳೆ. ಆಮೇಲೆ ಶೆಟ್ಟಿ ಗ್ರೂಪಿನಲ್ಲಿ ಎಲ್ಲರ ಎದುರು ಹಾಕಿದ: “ಓ ಇಂಡಿಕೇಟರ್, ಸಂಚಿಕೆ ಯಾವಾಗ ಬರೋದು?”

“ಐದೇ ನಿಮಿಷ” ಎಂದು ಕೂಡಲೇ ಬರೆದೆ. ಅದು ಹೋದ ಸೋಮವಾರದ ಮಾತು.