ತಲ್ಯಾಗಿನ ಬಾದಾಮಿ

ಮಂದಿ ತಲಿಗೆ ವೈರ್ ಹಚ್ಚೋದೇ ನನ್ನ ನೌಕರಿ ಆಗಿತ್ತು. ಹಂಗಾಗಿ ನಗೋವಂಥಾ ಪ್ರಸಂಗ ಹುಡುಕ್ಕೊಂಡು ನಾ ಎಲ್ಲೂ ಹೋಗಬೇಕಾಗಿರಲಿಲ್ಲ, ಅವು ತಾವಾಗೇ ಚೀಟಿ ಮಾಡಿಸ್ಕೊಂಡು ಒಳಗ ಬರ್ತಿದ್ವು. ಸಿಕಂದರಾಬಾದಿನ್ಯಾಗ ಒಂದು ಸಣ್ಣ ನರರೋಗದ ದವಾಖಾನಿ. ಊರಿನ ಆ ಕಡಿಗೆ ಗಾಜಿನ ಕಂಪ್ಯೂಟರ್ ಆಫೀಸುಗಳು ಏಳಾಕತ್ತಿದ್ದ ಕಾಲ ಅದು. ಮಿದುಳಿನ್ಯಾಗಿನ ಕರೆಂಟನ್ನ ಕಾಗದದ ಮ್ಯಾಲೆ ಗೆರಿ ಎಳಿಯೋ ಹಳೇ ಮಷೀನು, ಅದರ ಪಕ್ಕ ನಾನು. ಮೂರ್ಛೆರೋಗ ಐತೋ ಇಲ್ಲೋ ನೋಡೋದಷ್ಟೇ ಅದರ ಕೆಲಸ. ಆದ್ರ ಬಂದವರೆಲ್ಲಾ ಅದು ಮನಸ್ಸು ಓದತೈತಿ ಅಂತ ತಿಳ್ಕೊಂಡಿದ್ರು. ನನಗೂ ಬರಬರ್ತಾ ಮಂದಿ ಮನಸ್ಸು ನನಗ ಗೊತ್ತಾಗತೈತಿ ಅನ್ನೋ ಸೊಕ್ಕು ಬಂದಿತ್ತು. ಆ ಸೊಕ್ಕು ಇಳಿದದ್ದು ಹೆಂಗ ಅಂತ ಕಡೀಗೆ ಹೇಳ್ತೀನಿ.

೧. ಎಣ್ಣಿ ಇಲ್ಲದ ತಲಿ

ತಲಿಗೆ ಎಣ್ಣಿ ಇದ್ರ ವೈರಿನ ಪೇಸ್ಟು ಹಿಡಿಯೂದಿಲ್ಲ. ಅದಕ್ಕ, "ತಲಿ ತೊಳ್ಕೊಂಡು, ಎಣ್ಣಿ ಹಚ್ಚಲಾರದ ಬರ್ರಿ" ಅಂತ ಮೊದಲೇ ಹೇಳಿ ಕಳಿಸ್ತಿದ್ದೆ. ಯಾದಗಿರಿ ಕಡಿಯ ಗೌಂಡಿ ಒಬ್ಬಾವ ಇದ್ದ, ಕಂಪ್ಯೂಟರ್ ಆಫೀಸಿನ ಗ್ವಾಡಿ ಕಟ್ಟಾವ. ಅವಗೂ ಹಂಗ ಹೇಳಿದ್ದೆ.

ನಮ್ಮ ಕಡಿ ತಲಿ ತೊಳ್ಕೊಂಡು, ಎಣ್ಣಿ ಮುಟ್ಟಲಾರದ ಕೂಡೂದು ಯಾರರ ಸತ್ತು ಮಣ್ಣಿಗೆ ಹೋಗಿ ಬಂದ ದಿನ. ಯಜಮಾನ ಒಬ್ಬನೇ ಹಂಗ ಹೊಂಟ್ರ ಅಪಶಕುನ ಅಂತ ಅವನ ಹೇಣ್ತಿ ಮನಿಮಂದಿಗೆಲ್ಲಾ ತಲಿ ತೊಳಿಸಿಬಿಟ್ಟಾಳ. ಏಳು ಮಂದಿ ಹಸಿ ಕೂದಲಾ ಬಿಟ್ಕೊಂಡು ಸಾಲಾಗಿ ದವಾಖಾನಿ ಬೆಂಚಿನ ಮ್ಯಾಲೆ ಕುಂತ್ರು. ಅಲ್ಲೇ ನಮ್ಮ ಕಡಿಯ ಮುದುಕಿ ಒಬ್ಬಾಕಿ ಇದ್ಳು. ಇವರ ಅವತಾರ ನೋಡಿ, ಏನೂ ಕೇಳಲಾರದ ಗೌಂಡಿ ಹೇಣ್ತಿ ಕೈ ಹಿಡ್ಕೊಂಡು ಅಳಾಕ ಶುರು ಹಚ್ಚಿದ್ಳು. ಮುದುಕಿ ಅತ್ತದ್ದು ನೋಡಿ ಈಕಿ ಅತ್ಳು. ಈಕಿ ಅತ್ತದ್ದು ನೋಡಿ ಉಳಿದವರೂ ಅತ್ರು.

ಗೌಂಡಿ ತಪಾಸಣಿ ಮುಗಿಸಿ, ತಲಿ ತುಂಬ ಪೇಸ್ಟು ಮೆತ್ಕೊಂಡು ಹೊರಗ ಬಂದ. ನೋಡ್ತಾನ, ಮನಿಮಂದಿಯೆಲ್ಲಾ ಅಳಾಕತ್ತಾರ. "ಯಾರ್ರಿ ಹೋಗಿದ್ದು?" ಅಂತ ನನ್ನ ಕೇಳಿದ. "ಯಾರೂ ಇಲ್ಲ, ತಡಿ, ಹೇಳ್ತೀನಿ" ಅಂದೆ. ಅಷ್ಟೊತ್ತಿಗೆ ಅವನ ಕಣ್ಣಾಗೂ ನೀರು ಬಂದಿದ್ವು.

"ಮೊದಲ ಅತ್ತಬಿಡ್ತೀನ್ರಿ ಸಾಹೇಬ್ರ, ಯಾರಂತ ಆಮ್ಯಾಲೆ ಹೇಳ್ರಿ" ಅಂದ.

೨. ಸಿಟ್ಟಿನ ಸರ್ಟಿಫಿಕೇಟು

ಮಾವ ಆಗೋ ಹಿರಿಯರೊಬ್ಬರು ಸಾಫ್ಟ್‌ವೇರ್ ವರನನ್ನ ಕರ್ಕೊಂಡು ಬಂದ್ರು. ನಿಶ್ಚಿತಾರ್ಥಕ್ಕ ಎಂಟು ದಿನ ಇತ್ತು. ಹುಡುಗ ಫೋನಿನ್ಯಾಗ ಯಾರಿಗೋ ಜೋರು ಮಾಡಿದ್ದು ಹಿರಿಯರ ಕಿವಿಗೆ ಬಿದ್ದಿತ್ತಂತ.

"ಎಷ್ಟು ಸಿಟ್ಟೈತಿ, ಬರದು ಕೊಡ್ರಿ" ಅಂದ್ರು.

ಈ ಮಷೀನಿನ್ಯಾಗ ಸಿಟ್ಟು ಬರೂದಿಲ್ಲ ಅಂದ್ರ ಕೇಳವಲ್ರು. ವರ ಪಾಪ, ಹೆಂಗರ ಮುಗೀಲಿ ಅಂತ ತಾನೇ ಹೋಗಿ ಮಂಚದ ಮ್ಯಾಲೆ ಮಕ್ಕೊಂಡ. ರಿಪೋರ್ಟು ಬಂತು, ಎಲ್ಲಾ ನಾರ್ಮಲ್. ಹಿರಿಯರು ಕನ್ನಡಕ ಏರಿಸಿ ಗೆರಿಗಳನ್ನ ನೋಡಿದ್ರು. ಮಾರಿ ಸಣ್ಣದಾತು.

"ಸಿಟ್ಟಿಲ್ಲ ಅನ್ನೋದು ಸಂತೋಷ. ಆದ್ರ ನನ್ನ ಮಗಳ ಫೋಟೋ ಅವನ ಕಿಸೆದಾಗ ಐತಿ. ಅದಕ್ಕಂತ ಒಂದು ಗೆರಿನೂ ಎದ್ದಿಲ್ಲಲ್ರಿ?"

೩. ಬೇಗಂ ಬಜಾರಿನ ಬಾದಾಮಿ

ಇದು ನನ್ನ ಮನಿ ಮಾತು. ನಗಬೇಕಂತ ಶುರು ಮಾಡ್ತೀನಿ ಖರೆ, ಕಡೀತನಕ ನಗಾಕಾಗೂದಿಲ್ಲ.

ನಮ್ಮ ಡಾಕ್ಟರ್ ಸಾಹೇಬ್ರು ಬಿಡುವಿದ್ದಾಗ ನನಗ ಪಾಠ ಹೇಳ್ತಿದ್ರು. ಮಿದುಳಿನ ಒಳಗ ಬಾದಾಮಿಯಷ್ಟು ಒಂದು ತುಣುಕು ಐತಿ, ಹೆದರಿಕಿ ಏಳೋದು ಅದರಿಂದ, ಹಗ್ಗ ಕಂಡ್ರೂ ಹಾವು ಅಂತ ಮೊದಲು ಅದೇ ಒದರತೈತಿ ಅಂತ. ನಾ ಆ ಬಾದಾಮಿಯ ಮಾತನ್ನ ಉಪ್ಪಲ್‌ದಾಗಿನ ನಮ್ಮ ಮನಿಗೆ ಒಯ್ದೆ.

ನನ್ನಾಕಿ ದಿನಾ ಮುಂಜಾನಿ ನನಗ ಐದು ಬಾದಾಮಿ ಕೊಡ್ತಿದ್ಳು. ಬೇಗಂ ಬಜಾರಿನಿಂದ ತಂದು, ನೀರಾಗ ನೆನಿಸಿ, ಸಿಪ್ಪಿ ಸುಲಿದು, ಬಟ್ಟಲದಾಗ ಇಟ್ಟು. ಒಂದು ಬುಧವಾರ ಬಟ್ಟಲ ಮುಂದಿಟ್ಟು ಅಂದ್ಳು, "ಲಿಂಗಸೂಗೂರಿಗೆ, ತವರಿಗೆ ಫೋನ್ ಮಾಡಿದ್ದೆ. ಅವ್ವನ ದನಿ ಸರಿ ಇರಲಿಲ್ಲರಿ. ನನಗ್ಯಾಕೋ ಹೆದರಿಕಿ ಆಗೇತಿ. ಇವತ್ತ ಹೋಗೂಣ."

ನಾ ಒಂದು ಬಾದಾಮಿ ಎತ್ತಿ ತೋರ್ಸಿದೆ. "ನೋಡು, ನಿನ್ನ ಹೆದರಿಕಿ ಇಷ್ಟ ಐತಿ. ತಲ್ಯಾಗ ಇಂಥಾದ್ದೊಂದು ಸುಮ್ನ ಒದರಾಕತ್ತೈತಿ. ರವಿವಾರ ಹೋಗೂಣಂತ" ಅಂದು ಅದನ್ನ ಬಾಯಾಗ ಹಾಕ್ಕೊಂಡೆ.

ಶನಿವಾರ ಮಧ್ಯಾಹ್ನ ಸುದ್ದಿ ಬಂತು. ನಾವು ಮುಟ್ಟೋದ್ರಾಗ ಮಣ್ಣು ಮುಗಿದಿತ್ತು. ಆಕಿಗೆ ತಾಯಿ ಮಾರಿ ಸಿಗಲಿಲ್ಲ. ಒಂದು ದಿನದ ರಜಾ ಕೇಳಿದ್ರ ಸಾಹೇಬ್ರು ಇಲ್ಲ ಅಂತಿರಲಿಲ್ಲ, ಆದ್ರ ನಾ ಕೇಳಿರಲಿಲ್ಲ. ಆ ಪಶ್ಚಾತ್ತಾಪ ಇವತ್ತಿಗೂ ಐತಿ.

ದಿನ ಕಾರ್ಯ ಮುಗಿಸಿ ಉಪ್ಪಲಿಗೆ ಬಂದ ಮರುದಿನ ಮುಂಜಾನಿ ಬಟ್ಟಲ ಬರಲಿಲ್ಲ. ತಿಳಿಗೇಡಿ ನಾನು, ಸುಮ್ನಿರಲಾರದ ಕೇಳಿದೆ, "ಬಾದಾಮಿ ಎಲ್ಲಿ?"

"ನಿಮ್ಮ ತಲ್ಯಾಗ ಐತೆಲ್ಲಾ, ಅದನ್ನ ತಿನ್ರಿ" ಅಂದ್ಳು. ಮುಂದ ನಾಕು ತಿಂಗಳು ಹೂಂ, ಊಹೂಂ ಬಿಟ್ಟು ಬ್ಯಾರೆ ಮಾತಿಲ್ಲ.

೪. ಮಷೀನಿಗೊಂದು ತಲಿ

ಆ ನಾಕು ತಿಂಗಳು ನಾ "ತಪ್ಪಾತು" ಅನ್ನಲಿಲ್ಲ. ಇವತ್ತ ಅಂತೀನಿ, ನಾಳೆ ಅಂತೀನಿ, ಬಾಯಿ ಬರವಲ್ದು. ಒಂದು ದಿನ ಮಷೀನು ರಿಪೇರಿ ಆಗಿ ಬಂತು. ಸರಿ ಆಗೇತೋ ಇಲ್ಲೋ ನೋಡಾಕ ಒಂದು ತಲಿ ಬೇಕಾತು. ಸಾಹೇಬ್ರು ನನಗ, "ನೀವೇ ಮಕ್ಕೋರಿ" ಅಂದ್ರು. ಇಪ್ಪತ್ತು ವೈರು ಹಚ್ಚಿಸ್ಕೊಂಡು ಅಲ್ಲಾಡಲಾರದ ಮಕ್ಕೊಂಡೆ. ಅವತ್ತ ಬುತ್ತಿ ಮನ್ಯಾಗ ಮರೆತು ಬಂದಿದ್ದೆ. ಅದನ್ನ ತಗೊಂಡು ನನ್ನಾಕಿ ಬಾಗಿಲದಾಗ ಬಂದು ನಿಂತ್ಳು.

ಬಿಸಲಾಗ ಎರಡು ಬಸ್ಸು ಬದಲಿಸಿ ಬಂದಿದ್ಳು. ಮಾತಾಡಲಾರದಾಕಿ ಬುತ್ತಿ ತಂದದ್ದು ನೋಡಿ ನನಗ ತಡಿಯಾಕಾಗಲಿಲ್ಲ. ಮಂದಿಗೆಲ್ಲಾ "ಕಣ್ಣು ಮಿಟುಕಿಸಬ್ಯಾಡ್ರಿ, ಬಾಯಿ ತೆರಿಬ್ಯಾಡ್ರಿ, ಗೆರಿ ಕೆಡತಾವು" ಅಂತ ಹೇಳಾವ ನಾನು, ಕಣ್ಣು ಬಾಯಿ ಎರಡೂ ಬಿಟ್ಟೆ.

"ತಪ್ಪಾತು. ಅವತ್ತ ನಿನ್ನ ಕರ್ಕೊಂಡು ಹೋಗಬೇಕಿತ್ತು."

ಮಷೀನಿನ ಪೆನ್ನುಗಳೆಲ್ಲಾ ಕಾಗದದ ತುಂಬ ಕುಣದ್ವು. ಸಾಹೇಬ್ರು ಗಾಬರಿಯಾದ್ರು. "ಮಷೀನು ಮತ್ತ ಕೆಟ್ಟಿತೇನು?" ಅಂತ ಬಗ್ಗಿದವರು ನನ್ನ ಮಾರಿ ನೋಡಿದ್ರು. "ಮಷೀನು ಸರಿ ಐತಿ. ಇವರು ಅಳಾಕತ್ತಾರ" ಅಂದ್ರು.

ನನ್ನಾಕಿ ಬುತ್ತಿ ಕೆಳಗಿಟ್ಟು ಕೇಳಿದ್ಳು, "ಸಾಹೇಬ್ರ, ಇವರ ತಲ್ಯಾಗೂ ಆ ಬಾದಾಮಿ ಐತೇನ್ರಿ?"

"ಎಲ್ಲಾರಿಗೂ ಇರತೈತಮ್ಮ. ಖರೆ ಹೇಳಬೇಕಂದ್ರ ಎರಡಿರತಾವು, ಆ ಕಡಿ ಒಂದು, ಈ ಕಡಿ ಒಂದು."

"ಹಂಗಾದ್ರ ಇನ್ನಷ್ಟು ಹೊತ್ತು ಅಳಲಿ ಬಿಡ್ರಿ" ಅಂದ್ಳು. "ನೀರಾಗ ಇರಲಾರದ ಅದರ ಸಿಪ್ಪಿ ಬಿಡೂದಿಲ್ಲ."

ನಾಕು ತಿಂಗಳಿನ್ಯಾಗ ಆಕಿ ಆಡಿದ ಉದ್ದನೆ ಮಾತು ಅದು. ಸಾಹೇಬ್ರು ಹೊಟ್ಟಿ ಹಿಡ್ಕೊಂಡು ನಕ್ರು. ನಾ ಅಳಕೋತ ನಕ್ಕೆ. ಆಕಿ ನಗಲಿಲ್ಲ, ಆದ್ರ ಬುತ್ತಿ ಉಣ್ಣೋತನಕ ಪಕ್ಕದಾಗ ಕುಂತ್ಳು.

ಮರುದಿನ ಮುಂಜಾನಿ ಬಟ್ಟಲ ಬಂತು. ಎಣಿಸಿ ಐದು ಬಾದಾಮಿ, ನೆನಿಸಿದ್ವು ಖರೆ, ಸಿಪ್ಪಿ ಸುಲಿದಿರಲಿಲ್ಲ. ನಾ ಆಕಿ ಮಾರಿ ನೋಡಿದೆ.

"ಸುಲಕೋರಿ" ಅಂದ್ಳು.

ಅವತ್ತಿನಿಂದ ಇವತ್ತಿನತನಕ ನಾನೇ ಸುಲಕೋತೀನಿ.